ಬದಲಿ ಬರುವವರೆಗೆ

ಆ ಮಧ್ಯಾಹ್ನ ಚರ್ಚಿನ ಬಾಗಿಲು ಮುಚ್ಚಿದವನು ನಾನು. ಒಳಗೆ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಪೀಠದ ಎದುರು ಮೊಣಕಾಲೂರಿ ಕೂತಿದ್ದಳು. ಹೆಜ್ಜೇನು ಕಿಟಕಿಯಿಂದ ಒಳಗೆ ಸುರಿಯುತ್ತಿತ್ತು. ನಾನು ಬಾಗಿಲು ಎಳೆದುಕೊಂಡೆ.

ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಗೆ ಬರೆಯೋಣ ಎಂದು ಹಲವು ಸಲ ಕೂತಿದ್ದೇನೆ. ಕೊನೆ ಬರುವ ಹೊತ್ತಿಗೆ ಕೈ ಬೇರೆ ಏನನ್ನೋ ಬರೆದಿರುತ್ತದೆ. ಈಗಲೂ ಯಾರ ಮನೆಯಲ್ಲಾದರೂ ಸಾಂಬ್ರಾಣಿ ಹಾಕಿದರೆ ನನ್ನ ಕಣ್ಣು ಮೊದಲು ಕಿಟಕಿಗೆ ಹೋಗುತ್ತದೆ, ಆಮೇಲೆ ಬಾಗಿಲಿಗೆ. ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂರುತ್ತೇನೆ. ನನ್ನ ಹೆಂಡತಿ ಇದನ್ನು ನನ್ನ ಅಭ್ಯಾಸ ಎಂದುಕೊಂಡಿದ್ದಾಳೆ.

ಐವತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಮೈಸೂರಿನಲ್ಲಿ ಬಿ.ಎ. ಮುಗಿಸಿ ತುಮಕೂರಿನ ಒಂದು ಹೈಸ್ಕೂಲಿಗೆ ಮೇಷ್ಟ್ರಾಗಿ ಬಂದಿದ್ದೆ. ಶಿರಾ ಗೇಟಿನ ಬಳಿ ಒಂದು ಕೋಣೆ, ಹೋಟೆಲ್ ಊಟ, ಭಾನುವಾರ ಪೂಜೆ. ನಮ್ಮ ಚರ್ಚಿನ ಗುರುಗಳಿಗೆ, ನಾವು ಸ್ವಾಮಿಗಳು ಎನ್ನುತ್ತಿದ್ದವರಿಗೆ, ವಯಸ್ಸಾಗಿತ್ತು. ಕಾಲೇಜು ಓದಿದ ಕ್ರೈಸ್ತ ಹುಡುಗನೊಬ್ಬ ಊರಿಗೆ ಬಂದಿದ್ದಾನೆ ಎಂದು ತಿಳಿದ ಕೂಡಲೇ ಕರೆಸಿಕೊಂಡರು. "ಚಿಕ್ಕ ಮಕ್ಕಳಿಗೆ ಉಪದೇಶಿ ಹೇಳ್ಕೊಡ್ತಾನೆ. ಈ ದೊಡ್ಡ ಮಕ್ಕಳಿದಾರಲ್ಲ, ಹದಿಮೂರು ಹದಿನಾಲ್ಕು, ಅವು ಅವನ ಮಾತು ಕೇಳಲ್ಲ. ನೀನು ನೋಡ್ಕೊ," ಅಂದರು.

ಊರಿನ ಮಕ್ಕಳು ಒಂದು ಹತ್ತು ಮಂದಿ. ಗುಬ್ಬಿಯಿಂದ ರೈಲ್ವೆಯವರ ಮಕ್ಕಳು ಮೂರು ನಾಲ್ಕು. ಕುಣಿಗಲ್ಲಿನಲ್ಲಿ ಕುದುರೆ ಸಾಕುವ ಫಾರಮ್ಮಿನಲ್ಲಿ ಕೆಲಸ ಮಾಡುವವರ ಗಂಡುಮಕ್ಕಳು ಐದು. ಒಂದು ಭಾನುವಾರ ಸಂಜೆ ಬಸ್ಸು ಹಿಡಿದು ಕುಣಿಗಲ್ಲಿಗೆ, ಮತ್ತೊಂದು ಭಾನುವಾರ ರೈಲಿನಲ್ಲಿ ಗುಬ್ಬಿಗೆ ಹೋಗಿ ಪಾಠ ಹೇಳುತ್ತಿದ್ದೆ. ತಿಂಗಳ ಮೊದಲ ಶನಿವಾರ ಎಲ್ಲರೂ ತುಮಕೂರಿಗೆ ಬರುತ್ತಿದ್ದರು. ನಮ್ಮದು ಚಿಕ್ಕ ಸಮುದಾಯ. ಪಕ್ಕದ ಮನೆಯವರಿಗೆ ನಾವು ಭಾನುವಾರ ಚರ್ಚಿಗೆ ಹೋಗುವವರು ಎಂಬುದಷ್ಟೇ ಗೊತ್ತು. ಅಲ್ಲಿ ಹೋಗಿ ಏನು ಮಾಡುತ್ತೇವೆ ಎಂಬುದು ನಮ್ಮ ಮಕ್ಕಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಪೂಜೆ ಲ್ಯಾಟಿನ್ನಿನಲ್ಲಿ. ಜಪಸರ ಬಾಯಿಪಾಠ. ನಾಲಗೆ ಓಡುತ್ತಿತ್ತು, ಮನಸ್ಸು ಎಲ್ಲೋ.

ನನಗೂ ಪ್ರಾರ್ಥನೆ ಗೊತ್ತಿರಲಿಲ್ಲ ಎಂಬುದು ಈಗ ಗೊತ್ತು. ಕಾಲೇಜಿನ ಹಾಸ್ಟೆಲಿನಲ್ಲಿ ಓದಿದ ಪುಸ್ತಕಗಳು ಗೊತ್ತಿದ್ದವು. ಅವುಗಳಿಂದ ಎತ್ತಿಕೊಂಡ ಮಾತನ್ನು ನನ್ನದೇ ಎಂಬಂತೆ ಹೇಳುತ್ತಿದ್ದೆ. ಪರಮ ಪ್ರಸಾದವನ್ನು, ಸಾಕ್ಷಾತ್ ದೇವರು ಎಂದು ನಂಬಿ ನಾವು ‘ಸ್ವಾಮಿ’ ಎಂದೇ ಕರೆಯುವ ಆ ರೊಟ್ಟಿಯ ಬಿಲ್ಲೆಯನ್ನು, ಪೀಠದ ಮೇಲೆ ಇಟ್ಟಾಗ, ಸುತ್ತ ಕಿರಣಗಳಿರುವ ಆ ಹೊನ್ನಿನ ಬಣ್ಣದ ಪಾತ್ರೆಯ ಗಾಜಿನೊಳಗೆ ಬೆಳ್ಳಗೆ ಕಾಣುವಾಗ, ಅದರೆದುರು ಒಂದು ಗಂಟೆ ಆರಾಧನೆಗೆ ಕೂರುವುದು ಹೇಗೆ ಎಂದು ಕಲಿಸಬೇಕಿತ್ತು. "ಏನೂ ಕೇಳ್ಬೇಡಿ. ಮಂತ್ರಾನೂ ಹೇಳ್ಬೇಡಿ. ಸುಮ್ನೆ ಇರಿ. ಸ್ವಾಮಿ ನಿಮ್ಮನ್ನ ನೋಡ್ತಾನೆ, ನೀವು ಸ್ವಾಮಿನ ನೋಡಿ," ಎಂದೆ.

"ಸುಮ್ನೆ ಇರೋದಾ ಸಾರ್?" ಎಂದ ಕುಣಿಗಲ್ಲಿನ ಹುಡುಗರಲ್ಲಿ ದೊಡ್ಡವನು. "ಹಂಗಿದ್ರೆ ನಮ್ಮಪ್ಪ ಸೋಂಬೇರಿ ಅಂತ ಒದೀತಾನೆ."

"ನಮ್ಮ ಫಾರಂ ಕುದ್ರೆ ನಿಂತ್ಕೊಂಡೇ ನಿದ್ದೆ ಹೊಡೀತದೆ ಸಾರ್," ಎಂದ ಅವನ ಪಕ್ಕದವನು. "ನಾವು ಮೊಣಕಾಲಲ್ಲೇ ಹೊಡುದ್ರೆ ಪಾಪನಾ?"

"ನಿಂಗೆ ಎಲ್ಲಾದ್ರೂ ನಿದ್ದೆ ಬರ್ತದೆ ಕಣೋ. ಪಾಪನಿವೇದನೆ ಮಾಡ್ತಾನೂ ಮಲಗ್ತೀಯ," ಎಂದಳು ಊರಿನ ಹುಡುಗಿಯೊಬ್ಬಳು.

ಎಲ್ಲರೂ ನಕ್ಕರು. ಗುಬ್ಬಿಯ ಹುಡುಗಿ ನಗಲಿಲ್ಲ. ಅವಳು ಯಾವಾಗಲೂ ಮೊದಲು ಯೋಚನೆ ಮಾಡಿ ಆಮೇಲೆ ನಗುವವಳು. ಅವಳ ಅಪ್ಪ ಗುಬ್ಬಿಯ ಹತ್ತಿರದ ರೈಲ್ವೆ ಗೇಟಿನಲ್ಲಿ ಗೇಟ್ ಕಾಯುವವನು. ಮನೆಯಲ್ಲಿ ತಮಿಳು ಆಡುತ್ತಿದ್ದರು, ಹೊರಗೆ ನಮ್ಮ ಸೀಮೆಯ ಕನ್ನಡ.

ಒಂದು ಭಾನುವಾರ ಪಾಠ ಮುಗಿಸಿ ಅವರ ಮನೆಗೆ ಹೋಗಿದ್ದೆ. ಮನೆ ಎಂದರೆ ಗೇಟಿನ ಪಕ್ಕದಲ್ಲೇ ಒಂದು ಕೋಣೆ, ಒಂದು ಜಗಲಿ. ಅವಳಮ್ಮ ಕಾಫಿ ಕೊಟ್ಟಳು. ಸಂಜೆ ಆರಕ್ಕೆ ಅಪ್ಪನ ಕೆಲಸ ಮುಗಿಯಬೇಕಿತ್ತು. ಆರೂವರೆಯಾದರೂ ಅವನು ಗೇಟಿನ ಬಳಿಯಿಂದ ಅಲುಗಲಿಲ್ಲ. ಒಳಗಿನಿಂದ ಒಂದು ಕೂಗಿನಷ್ಟು ದೂರ. ಆದರೂ ಕಾಫಿಗೆ ಬರಲಿಲ್ಲ. ಹುಡುಗಿಯೇ ಲೋಟ ತೆಗೆದುಕೊಂಡು ಹೋಗಿ ಕೊಟ್ಟು ಬಂದಳು.

"ಒಂದು ನಿಮಿಷ ಬಂದು ಹೋಗ್ಬಾರ್ದಾ?" ಎಂದೆ.

"ಬದ್ಲಿ ಬಂದಿಲ್ವಲ್ಲ ಸಾರ್," ಎಂದಳು, ಇಷ್ಟು ಗೊತ್ತಿಲ್ಲವೇ ಎನ್ನುವಂತೆ. "ಬದ್ಲಿ ಬಂದು ಬಾವುಟ ಇಸ್ಕೊಳೋವರ್ಗೂ ಗೇಟ್ ಬುಟ್ಟು ಬರಂಗಿಲ್ಲ. ಒಂದ್ಸಲ ನಮ್ಮಪ್ಪಂಗೆ ಚಳಿಜ್ವರ. ಬದ್ಲಿಯವನು ಬರ್ಲೇ ಇಲ್ಲ. ಬೆಳಗಾನ ಅಲ್ಲೇ ಕೂತಿದ್ರು, ನಾನೂ ಕೂತಿದ್ದೆ."

ಆ ಮಾತು ನನಗೆ ಸಿಕ್ಕ ನಿಧಿಯಂತಾಯಿತು. ತುಮಕೂರಿಗೆ ಮರಳುವ ರೈಲಿನಲ್ಲಿ ಮನಸ್ಸಿನಲ್ಲೇ ಪಾಠ ಕಟ್ಟಿದೆ. ಮುಂದಿನ ಶನಿವಾರ ಎಲ್ಲ ಮಕ್ಕಳ ಮುಂದೆ ಹೇಳಿದೆ: ಆರಾಧನೆ ಎಂದರೆ ಗೇಟ್ ಕಾಯುವವನ ಕೆಲಸದ ಹಾಗೆ. ಸ್ವಾಮಿಯನ್ನು ಪೀಠದ ಮೇಲಿಟ್ಟ ಮೇಲೆ ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು. ಕಾಲು ಜೋಮು ಹಿಡಿಯಲಿ, ಬಾಯಾರಲಿ, ಬದಲಿ ಬಂದು ಪಕ್ಕದಲ್ಲಿ ಮೊಣಕಾಲೂರುವವರೆಗೆ ಏಳಬಾರದು. ಮಕ್ಕಳಿಗೆ ಇದು ಹಿಡಿಸಿತು. "ಬದ್ಲಿ, ಬದ್ಲಿ" ಎಂದು ಒಬ್ಬರನ್ನೊಬ್ಬರು ರೇಗಿಸಿಕೊಂಡರು. ಗೇಟಿನವನ ಮಗಳ ಮುಖ ಕೆಂಪಾಯಿತು. ಅವಳಪ್ಪನ ಕೆಲಸವನ್ನು ದೇವರ ಕೆಲಸಕ್ಕೆ ಹೋಲಿಸಿದ್ದು ನಾನೇ ಮೊದಲು. ಪಾಠ ಮುಗಿದ ಮೇಲೆ ಹತ್ತಿರ ಬಂದು, "ಏನೇ ಆದ್ರೂ ಏಳಂಗಿಲ್ಲ ಅಲ್ವಾ ಸಾರ್?" ಎಂದು ಕೇಳಿದಳು.

"ಏನೇ ಆದ್ರೂ," ಎಂದೆ.

ಹೆಜ್ಜೇನಿನ ವಿಷಯ ಹೇಳಬೇಕು. ಚರ್ಚಿನ ಪಕ್ಕದ ಗೋಡೆಯಲ್ಲಿ ಸೊಂಟದ ಮಟ್ಟದಿಂದ ಮೇಲಕ್ಕೆ ಎತ್ತರವಾದ ಕಿಟಕಿ. ಅದರ ಮೇಲೆ ಹೊರಗಡೆ ಚಾಚಿದ ಸಜ್ಜದ ಕೆಳಗೆ ಪ್ರತಿ ಬೇಸಿಗೆಯೂ ಹೆಜ್ಜೇನು ಕಟ್ಟುತ್ತಿತ್ತು. ಮೊರದಷ್ಟು ಅಗಲದ ಕಪ್ಪು ಹುಟ್ಟಿ. ಬೇರೆ ಕಟ್ಟಡವಾಗಿದ್ದರೆ ದೇವರಾಯನದುರ್ಗದ ಕಡೆಯಿಂದ ಬರುವ ಜೇನು ಕೀಳುವವರನ್ನು ಕರೆಸಿ ಯಾವತ್ತೋ ಕೀಳಿಸುತ್ತಿದ್ದರು. ನಮ್ಮಲ್ಲಿ ಉಪದೇಶಿ ಬಿಡುತ್ತಿರಲಿಲ್ಲ. ಪೀಠದ ಮೇಲೆ ಉರಿಯುವ ಬತ್ತಿ ಜೇನುಮೇಣದ್ದೇ ಆಗಿರಬೇಕು ಎಂಬುದು ನಮ್ಮಲ್ಲಿ ನಿಯಮ. "ಸ್ವಾಮಿ ಮುಂದೆ ಉರಿಯೋ ಮೇಣ ಮಾಡೋ ಹುಳ ಇವು. ಪೂಜೆಗೆ ಬಂದವ್ರನ್ನ ಯಾರಾದ್ರೂ ಓಡುಸ್ತಾರಾ?" ಎನ್ನುತ್ತಿದ್ದ. ಸ್ವಾಮಿಗಳಿಗೂ ಆ ಮಾತು ಇಷ್ಟ. ಒಮ್ಮೆ ಪ್ರಸಂಗದಲ್ಲೂ ಹೇಳಿದ್ದರು. ನಾವೆಲ್ಲ ಆ ಹುಟ್ಟಿಯ ಕೆಳಗೆ ಧೈರ್ಯವಾಗಿ ಓಡಾಡುತ್ತಿದ್ದೆವು. ಅವು ನಮ್ಮವು ಎಂದುಕೊಂಡಿದ್ದೆವು.

ಬೇಸಿಗೆ ರಜೆಯ ಒಂದು ಶನಿವಾರ. ಬೆಳಗಿನ ಪೂಜೆಯ ನಂತರ ಸಂಜೆ ಐದರವರೆಗೆ ಆರಾಧನೆ. ಮೊದಲ ಸಲ ಪಾಳಿಯೆಲ್ಲ ಈ ದೊಡ್ಡ ಮಕ್ಕಳದೇ. ಅರ್ಧ ಗಂಟೆಗೆ ಇಬ್ಬರಂತೆ. ಪಟ್ಟಿಯನ್ನು ನಾನೇ ಬರೆದು ಬಾಗಿಲಿಗೆ ಅಂಟಿಸಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ಶೆಟ್ಟಿಹಳ್ಳಿಯಿಂದ ಒಬ್ಬ ಬಂದ: ಅವನ ತಾಯಿ ಸಾಯುವ ಸ್ಥಿತಿಯಲ್ಲಿದ್ದಾಳೆ, ಕೊನೆಯ ಸಂಸ್ಕಾರ ಕೊಡಬೇಕು. ಸ್ವಾಮಿಗಳು ಸೈಕಲ್ ಹತ್ತಿದರು. ಉಪದೇಶಿಯೂ ಜೊತೆಗೆ ಹೋದ. ಹೋಗುವ ಮುಂಚೆ ಸ್ವಾಮಿಗಳು ನನ್ನ ಭುಜ ಮುಟ್ಟಿ, "ನಾನು ಬರೋವರ್ಗೂ ನೋಡ್ಕೊ," ಅಂದರು. ಆ ಕಾಲದಲ್ಲಿ ಪರಮ ಪ್ರಸಾದದ ಪಾತ್ರೆಯನ್ನು ಗುರುಗಳಲ್ಲದವರು ಮುಟ್ಟುವಂತಿರಲಿಲ್ಲ. ಅವರು ಮರಳಿ ಬರುವವರೆಗೆ ಅದು ಪೀಠದ ಮೇಲೇ ಇರಬೇಕು, ಎದುರಿಗೆ ನಾವಿರಬೇಕು.

ಎರಡೂವರೆಯ ಪಾಳಿ ಗೇಟಿನವನ ಮಗಳದು, ಜೊತೆಗೆ ಊರಿನ ಹುಡುಗಿ. ಇಬ್ಬರೂ ತಲೆಗೆ ಬಿಳಿ ಮುಸುಕು ಹಾಕಿಕೊಂಡು ಮುಂದೆ ಹೋಗಿ ಮೊಣಕಾಲೂರಿದರು. ಹಿಂದಿನ ಬೆಂಚುಗಳಲ್ಲಿ ಉಳಿದ ಮಕ್ಕಳಲ್ಲಿ ಏಳೆಂಟು ಮಂದಿ, ನಾನು. ಸೆಖೆ. ಧೂಪದ ಮಣ್ಣಿನ ಬಟ್ಟಲು ಪೀಠದ ಪಕ್ಕದಲ್ಲಿ ಇನ್ನೂ ಹೊಗೆಯಾಡುತ್ತಿತ್ತು. ಕುಣಿಗಲ್ಲಿನ ಹುಡುಗನೊಬ್ಬನಿಗೆ ಕೆಮ್ಮು ಬಂತು. ಅವನು ಕೆಮ್ಮಿದ್ದಕ್ಕೆ ಇನ್ನೊಬ್ಬ ನಕ್ಕ. ಅವನನ್ನು ನೋಡಿ ಮತ್ತೊಬ್ಬ. ಇಡೀ ಬೆಂಚು ಅಲುಗತೊಡಗಿತು. ನನಗೆ ಸಿಟ್ಟು ಬಂತು. ಎದ್ದು ಹೋಗಿ ಬಟ್ಟಲನ್ನು ಎತ್ತಿಕೊಂಡು ಆ ಕಿಟಕಿಯ ಹೊರಗಿನ ಅಂಚಿನ ಮೇಲಿಟ್ಟು ಬಂದೆ. ಹೊಗೆ ಹೊರಗೆ ಹೋಗಲಿ ಎಂದು.

ಹೊಗೆ ಮೇಲಕ್ಕೆ ಹೋಯಿತು.

ಜೇನಿಗೆ ಹೊಗೆ ಹಾಕಿದರೆ ಏನಾಗುತ್ತದೆ ಎಂಬುದು ನಮ್ಮ ಸೀಮೆಯಲ್ಲಿ ದನ ಕಾಯುವ ಮಕ್ಕಳಿಗೂ ಗೊತ್ತು. ನಾನು ಬಿ.ಎ. ಓದಿದವನು. ಆ ಕ್ಷಣದಲ್ಲಿ ನನ್ನ ತಲೆಯಲ್ಲಿದ್ದದ್ದು ಶಿಸ್ತು, ಮೌನ, ನನ್ನ ಪಾಠ ಕೆಡಬಾರದು ಎಂಬುದು. ಮೇಲೆ ನೋಡಲೇ ಇಲ್ಲ.

ಬಂದು ಕೂತು ಎಷ್ಟು ಹೊತ್ತಾಗಿತ್ತೋ. ದೂರದಲ್ಲಿ ಲಾರಿ ಏರು ಹತ್ತುವಂಥ ಶಬ್ದ. ಶಿರಾ ರಸ್ತೆಯ ಲಾರಿ ಎಂದುಕೊಂಡೆ. ಕಿಟಕಿಯ ಬೆಳಕು ಕಂದಿತು. ಆಮೇಲೆ ಕುಣಿಗಲ್ಲಿನ ದೊಡ್ಡ ಹುಡುಗ ಕುತ್ತಿಗೆ ಹಿಡಿದುಕೊಂಡು "ಅಯ್ಯಪ್ಪೋ" ಎಂದು ನೆಗೆದ. ಮುಂದಿನದೆಲ್ಲ ಒಟ್ಟಿಗೇ ನಡೆಯಿತು. ಬೆಂಚು ಉರುಳಿತು. ಮಕ್ಕಳು ಕಿರುಚಿದರು. ನನ್ನ ಕಿವಿಯ ಹಿಂದೆ, ಕೆನ್ನೆಗೆ, ಕೈಗೆ ಕೆಂಡ ತಗುಲಿದ ಹಾಗೆ. "ಓಡಿ! ಸ್ವಾಮಿಗಳ ಮನೆಗೆ ಓಡಿ!" ಎಂದು ಕೂಗಿದೆ. ಮಕ್ಕಳು ಬಾಗಿಲಿನಿಂದ ನುಗ್ಗಿ ಅಂಗಳ ದಾಟಿ ಎದುರಿನ ಮನೆಯೊಳಗೆ ಹೊಕ್ಕರು. ನಾನು ಕೊನೆಯವನು.

ಹೊಸ್ತಿಲ ಮೇಲೆ ನಿಂತು ಒಮ್ಮೆ ತಿರುಗಿ ನೋಡಿದೆ.

ಇಲ್ಲಿಯೇ ನನ್ನ ನೆನಪು ಮತ್ತೆ ಮತ್ತೆ ನಿಲ್ಲುವುದು. ನೋಡಿದೆನೇ, ನೋಡಲಿಲ್ಲವೇ? ಎಷ್ಟೋ ವರ್ಷ ನನಗೆ ನಾನೇ "ಕಾಣಲಿಲ್ಲ, ಹುಳ ಮುಸುಕಿತ್ತು, ಕಣ್ಣು ಬಿಡಲಾಗಲಿಲ್ಲ" ಎಂದು ಹೇಳಿಕೊಂಡಿದ್ದೇನೆ. ಅದು ನಿಜವಲ್ಲ. ಕಂಡಿತು. ಬಿಳಿ ಮುಸುಕು ಒಂದೇ ಒಂದು, ಪೀಠದ ಎದುರಿಗೆ, ನೆಲಕ್ಕೆ ಬಾಗಿತ್ತು. ಬಿಳಿಯ ಮೇಲೆ ಕಪ್ಪು ಕೂರುತ್ತಿತ್ತು. ಕೂಗಿದ್ದರೆ ಕೇಳುತ್ತಿತ್ತು. ಮೂವತ್ತು ಹೆಜ್ಜೆ ಇದ್ದಿರಬಹುದು. ಹುಳಗಳು ಮಕ್ಕಳ ಹಿಂದೆ ಬಾಗಿಲಿನಿಂದ ಹೊರಗೆ ಬರುತ್ತಿದ್ದವು. ಮಕ್ಕಳನ್ನು ಉಳಿಸಬೇಕೆಂದು ಬಾಗಿಲು ಹಾಕಿದೆನೆಂದು ಹೇಳಬಹುದು, ಅದೂ ಸುಳ್ಳಲ್ಲ. ಆದರೆ ಕೈ ಬಾಗಿಲಿನ ಬಳೆಯನ್ನು ಹಿಡಿದಾಗ ನನಗೆ ಮಕ್ಕಳ ನೆನಪಿರಲಿಲ್ಲ. ನನ್ನ ಕೆನ್ನೆಯ ನೋವಿನ ನೆನಪಿತ್ತು.

ಸ್ವಾಮಿಗಳ ಮನೆಯ ಅಡುಗೆಮನೆಯಲ್ಲಿ ಮಕ್ಕಳು ಅಳುತ್ತಾ ಒಬ್ಬರ ಮೇಲೊಬ್ಬರು ಕೂತಿದ್ದರು. ಅಲ್ಲಿ ಅಡುಗೆ ಮಾಡುತ್ತಿದ್ದ ಅಜ್ಜಿಯೊಬ್ಬಳಿದ್ದಳು, ಅರವತ್ತು ದಾಟಿದವಳು. ಕಿಟಕಿ ಮುಚ್ಚಿ, ಒಲೆಗೆ ಹಸಿ ಗರಿ ತುರುಕಿ ಹೊಗೆ ಮಾಡಿದ್ದಳು. ಗೇಟಿನವನ ಮಗಳ ಜೊತೆಗೆ ಪಾಳಿಯಲ್ಲಿದ್ದ ಹುಡುಗಿ ಬಿಕ್ಕುತ್ತಾ, "ಅವಳು ಏಳ್ಲಿಲ್ಲ ಸಾರ್. ಕೈ ಹಿಡಿದು ಎಳುದ್ರೂ ಏಳ್ಲಿಲ್ಲ. ಬದ್ಲಿ ಬಂದಿಲ್ಲ ಕಣೇ, ನೀನು ಹೋಗು ಅಂದ್ಲು," ಎಂದಳು.

ನಾನು ನಿಂತಿದ್ದೆ.

"ಏನ್ ನಿಂತ್ಕಂಡಿದೀರಾ ಮೇಷ್ಟ್ರೇ," ಎಂದಳು ಅಜ್ಜಿ. "ಆ ಮೂಲೇಲಿರೋ ಕಂಬ್ಳಿ ಕೊಡಿ ಇಲ್ಲಿ."

ಕೊಟ್ಟೆ. ಅವಳು ಅದನ್ನು ಕೊಡದಲ್ಲಿದ್ದ ನೀರಿಗೆ ಅದ್ದಿ, ತಲೆಯಿಂದ ಕಾಲಿನವರೆಗೆ ಹೊದ್ದುಕೊಂಡು, ಕಣ್ಣಿಗಷ್ಟು ಸಂದು ಬಿಟ್ಟು ಹೊರಟಳು. "ನಾನು ಬರ್ತೀನಿ ಅಜ್ಜಿ" ಎಂದೆ. "ಇನ್ನೊಂದು ಕಂಬ್ಳಿ ಎಲ್ಲದೆ? ಮಕ್ಳನ್ನ ನೋಡ್ಕಳಿ," ಎಂದಳು. ಆ ಮಾತಿಗೆ ನನಗೆ ಆದ ನೆಮ್ಮದಿಯನ್ನು ಬರೆಯದೆ ಬಿಟ್ಟರೆ ಇದೆಲ್ಲ ಬರೆದು ಪ್ರಯೋಜನವಿಲ್ಲ.

ಅವಳು ಬಾಗಿಲು ತೆರೆದು ಒಳಗೆ ಹೋದಳು. ಹುಡುಗಿಯನ್ನು ಕಂಬಳಿಯೊಳಗೆ ಎಳೆದುಕೊಂಡು, ಅರ್ಧ ಎತ್ತಿ ಅರ್ಧ ಎಳೆದು ತಂದಳು. ಹುಡುಗಿಗೆ ಪ್ರಜ್ಞೆ ಇರಲಿಲ್ಲ. ನಾನು ಶಿರಾ ಗೇಟಿನವರೆಗೆ ಓಡಿ ಜಟಕಾ ತಂದೆ. ಅಷ್ಟು ಓಡಿದೆ.

ಆಸ್ಪತ್ರೆಯಲ್ಲಿ ನರ್ಸಮ್ಮ ಚಿಮಟದಿಂದ ಒಂದೊಂದೇ ಮುಳ್ಳು ಕಿತ್ತರು. ಟ್ರೇಗೆ ಹಾಕುವಾಗ ಶಬ್ದವೇ ಬರುತ್ತಿರಲಿಲ್ಲ, ಅಷ್ಟು ಸಣ್ಣವು. ಮುಖ ಮುಖದಂತಿರಲಿಲ್ಲ. ಸಂಜೆಯವರೆಗೆ ಡಾಕ್ಟರು ಏನೂ ಹೇಳಲಿಲ್ಲ. ಗುಬ್ಬಿಯಿಂದ ಅಪ್ಪ ಅಮ್ಮ ಬಂದರು. ಅಮ್ಮ ಮಂಚದ ಕಾಲ ಬಳಿ ಕೂತಳು, ಅಪ್ಪ ಖಾಕಿ ಅಂಗಿಯಲ್ಲೇ ಗೋಡೆಗೊರಗಿ ನಿಂತ. ಅಜ್ಜಿ ಅವನನ್ನು ವರಾಂಡಕ್ಕೆ ಕರೆದುಕೊಂಡು ಹೋಗಿ ಏನೋ ಮಾತಾಡಿದಳು. ಬದುಕುತ್ತಾಳೆ ಎಂದು ಡಾಕ್ಟರು ಹೇಳಿದ್ದು ಮೂರನೆಯ ದಿನ. ಬಲಗಣ್ಣು ಉಳಿಯುತ್ತದೆ, ಎಡಗಣ್ಣಿನ ಗುಡ್ಡೆಗೇ ಮುಳ್ಳು ನಾಟಿದೆ, ಅದು ಹೋದ ಹಾಗೆ ಎಂದರು.

ಅದೇ ದಿನ ಅವಳು ಮಾತಾಡಿದಳು. ಎರಡೂ ಕಣ್ಣಿಗೆ ಬಟ್ಟೆ ಕಟ್ಟಿತ್ತು. ನಾನು ಪಕ್ಕದಲ್ಲಿ ಕೂತಿದ್ದೆ. ಅವಳಮ್ಮ ನೀರು ತರಲು ಹೋಗಿದ್ದಳು.

"ಸಾರ್," ಎಂದಳು, ಊದಿದ ತುಟಿಯಲ್ಲಿ. "ನನ್ನ ಬದ್ಲಿಗೆ ಯಾರ್ ಬಂದ್ರು?"

ಸ್ವಾಮಿಗಳು ಶೆಟ್ಟಿಹಳ್ಳಿಯಿಂದ ಬರುವವರೆಗೆ, ಒಂದು ಗಂಟೆಗೂ ಹೆಚ್ಚು, ಅಲ್ಲಿ ಯಾರೂ ಇರಲಿಲ್ಲ. ಉರಿಯುವ ಬತ್ತಿಗಳು, ಆ ಪಾತ್ರೆ, ಗೋಡೆಯ ತುಂಬ ಹುಳ.

"ನಾನು ಬಂದೆ," ಎಂದೆ.

"ಒಳ್ಳೇದಾಯ್ತು," ಎಂದು ನಿದ್ದೆ ಹೋದಳು.

ಸಾಯಬಹುದಾಗಿದ್ದ ಮಗುವಿಗೆ ಹೇಳಿದ ಒಂದು ಮಾತು. ಯಾರಾದರೂ ಹಾಗೇ ಹೇಳುತ್ತಿದ್ದರು ಎಂದು ಸ್ನೇಹಿತನೊಬ್ಬ ನನ್ನನ್ನು ಸಮಾಧಾನಪಡಿಸಿದ್ದಾನೆ. ಆದರೆ ಆ ಮಾತು ಮಂಚದ ಬಳಿ ಉಳಿಯಲಿಲ್ಲ. ಅವಳು ಅಮ್ಮನಿಗೆ ಹೇಳಿದಳು, ಅಮ್ಮ ಬಂದವರಿಗೆಲ್ಲ ಹೇಳಿದಳು. ಹುಳದ ನಡುವೆ ಮೇಷ್ಟ್ರು ಹೋಗಿ ಹುಡುಗಿಯ ಜಾಗದಲ್ಲಿ ಮೊಣಕಾಲೂರಿದರಂತೆ. ನನ್ನ ಊದಿದ ಕೆನ್ನೆಯೇ ಸಾಕ್ಷಿ. ಅಡುಗೆಮನೆಯಲ್ಲಿ ನನ್ನನ್ನು ಕಂಡಿದ್ದ ಮಕ್ಕಳೂ ಆಮೇಲೆ ಹೋಗಿರಬೇಕು ಎಂದುಕೊಂಡರು. ಸ್ವಾಮಿಗಳು ಒಮ್ಮೆ ಮಕ್ಕಳನ್ನು, "ಬಾಗಿಲು ಯಾರು ಹಾಕಿದ್ದು?" ಎಂದು ಕೇಳಿದ್ದರು. ಕುಣಿಗಲ್ಲಿನ ದೊಡ್ಡ ಹುಡುಗ, "ಗಾಳಿಗೆ ಹಾಕ್ಕೊಂಡಿರ್ಬೇಕು ಸ್ವಾಮಿ," ಎಂದ. ಅವತ್ತು ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ನಾನು ಸುಮ್ಮನಿದ್ದೆ. ಹುಟ್ಟಿಯನ್ನು ಆ ವಾರವೇ ಕೀಳಿಸಿದರು. ಉಪದೇಶಿ ಆ ದಿನ ಚರ್ಚಿನ ಕಡೆ ಬರಲಿಲ್ಲ.

ನಾನು ಸುಳ್ಳನ್ನು ಹೊತ್ತುಕೊಂಡು ಎರಡು ತಿಂಗಳು ಪಾಠ ಹೇಳಿದೆ. ಮಕ್ಕಳು ಮೊದಲಿಗಿಂತ ಭಕ್ತಿಯಿಂದ ಕೇಳುತ್ತಿದ್ದರು. ಯಾರೂ ಈಗ ನಗುತ್ತಿರಲಿಲ್ಲ, ಕೆಮ್ಮುತ್ತಿರಲಿಲ್ಲ. ಆ ಮೌನ ನನಗೆ ತಡೆಯಲಾಗಲಿಲ್ಲ. ಒಂದು ಭಾನುವಾರ ರೈಲು ಹತ್ತಿ ಗುಬ್ಬಿಗೆ ಹೋದೆ. ಹುಡುಗಿ ಅಮ್ಮನ ಜೊತೆ ಸಂತೆಗೆ ಹೋಗಿದ್ದಳು. ಅವಳಪ್ಪ ಗೇಟ್ ಇಳಿಸಿ, ಹಸಿರು ಬಾವುಟ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಗೂಡ್ಸ್ ಬಂಡಿ ಬರುವುದಿತ್ತು. ಅವನ ಪಕ್ಕದಲ್ಲಿ ನಿಂತು ಹೇಳಿದೆ. ಧೂಪದ ಬಟ್ಟಲು ಇಟ್ಟದ್ದು, ಬಾಗಿಲು ಎಳೆದದ್ದು, ಒಳಗೆ ಅವಳನ್ನು ಕಂಡದ್ದು, ಆಸ್ಪತ್ರೆಯಲ್ಲಿ ಹೇಳಿದ್ದು.

ಬಂಡಿ ಬಂತು. ಅವನು ಬಾವುಟ ತೋರಿಸಿದ. ಅಷ್ಟುದ್ದದ ಬಂಡಿ ದಾಟುವವರೆಗೆ ಇಬ್ಬರೂ ಮಾತಾಡುವ ಹಾಗಿರಲಿಲ್ಲ. ಕೊನೆಯ ಡಬ್ಬಿ ಹೋದ ಮೇಲೆ ಗೇಟ್ ಎತ್ತುತ್ತಾ, "ನಂಗೊತ್ತು ಸಾರ್," ಎಂದ. "ಅಡ್ಗೆ ಅಜ್ಜಿ ಅಡ್ಗೆಮನೆ ಕಿಟ್ಕಿ ಮುಚ್ಚೋವಾಗ ನೋಡವ್ಳೆ. ಆಸ್ಪತ್ರೇಲೇ ಹೇಳುದ್ಲು."

"ಮತ್ತೆ ಯಾಕೆ ಏನೂ ಕೇಳ್ಲಿಲ್ಲ?"

"ನೀವೇ ಬತ್ತೀರಾ ಅಂತಿದ್ದೆ. ಬಂದ್ರಲ್ಲ." ಕಾಯುತ್ತಿದ್ದ ಎತ್ತಿನ ಗಾಡಿಯೊಂದು ನಮ್ಮ ನಡುವೆ ದಾಟಿ ಹೋಯಿತು. "ಮಗೀಗೆ ಮಾತ್ರ ಹೇಳ್ಬ್ಯಾಡಿ. ಕಣ್ಣು ಹೋಯ್ತು ಅಂತ ಅವ್ಳು ಒಂದಿನಾನೂ ಅತ್ತಿಲ್ಲ. ಡ್ಯೂಟಿ ಬುಟ್ಟು ಬರ್ಲಿಲ್ಲ, ಬದ್ಲಿಗೆ ಕೊಟ್ಟು ಬಂದೆ ಅಂತಾಳೆ. ಅದೂ ಸುಳ್ಳು ಅಂದ್ಬುಟ್ರೆ ಅವ್ಳತ್ರ ಏನೈತೆ ಸಾರ್?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನಾನು ತಲೆಯಾಡಿಸಿದೆ. ಆ ತಿಂಗಳೇ ಆರೋಗ್ಯದ ನೆಪ ಹೇಳಿ ಪಾಠ ಬಿಟ್ಟೆ.

ಪ್ರಾರ್ಥನೆ ಮಾಡಲು ಆಮೇಲೂ ಪ್ರಯತ್ನಿಸಿದ್ದೇನೆ. ಪುಸ್ತಕದ ಮಾತುಗಳೆಲ್ಲ ಉದುರಿಹೋಗಿದ್ದವು. ಆರಾಧನೆಯ ಹೊತ್ತಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಸ್ವಾಮಿ ನಿಮ್ಮನ್ನು ನೋಡುತ್ತಾನೆ ಎಂದು ಮಕ್ಕಳಿಗೆ ಅಷ್ಟು ಹಗುರವಾಗಿ ಹೇಳಿದ್ದೆ. ಅವತ್ತು ಹೊಸ್ತಿಲ ಮೇಲೆ ನಿಂತಿದ್ದವನನ್ನೂ ನೋಡಿದ್ದಾನೆ ಎಂಬುದು ಹೊಳೆದ ಮೇಲೆ ತಲೆ ಎತ್ತಿ ಆ ಪಾತ್ರೆಯ ಕಡೆ ನೋಡುವುದು ಕಷ್ಟವಾಯಿತು.

ಅರವತ್ತರ ದಶಕ ಮುಕ್ಕಾಲು ಕಳೆದಿತ್ತು. ಪೂಜೆ ಕನ್ನಡಕ್ಕೆ ಬಂದಿತ್ತು. ಹಳೆಯ ಸ್ವಾಮಿಗಳು ತೀರಿಕೊಂಡಿದ್ದರು, ಗೇಟಿನವನೂ ತೀರಿಕೊಂಡಿದ್ದ. ಒಂದು ದಿನ ಅವಳೇ ಕಾಗದ ಬರೆದಳು: ಗುಬ್ಬಿಯಲ್ಲಿ ಶಾಲೆಯ ಕೆಲಸ ಸಿಕ್ಕಿದೆ, ಭಾನುವಾರ ಮಕ್ಕಳಿಗೆ ಜ್ಞಾನೋಪದೇಶ ಹೇಳುತ್ತಿದ್ದೇನೆ, ಆರಾಧನೆಯ ಪಾಠಕ್ಕೆ ನೀವು ಒಮ್ಮೆ ಬರಬೇಕು. ಎರಡು ಸಲ ಇಲ್ಲವೆಂದು ಬರೆದು ಹರಿದೆ. ಮೂರನೆಯ ಸಲ ಹೋದೆ.

ರೈಲ್ವೆ ಕ್ವಾರ್ಟರ್ಸಿನ ಒಂದು ಜಗಲಿ. ಹತ್ತು ಹನ್ನೆರಡು ಮಕ್ಕಳು. ಅವಳು ಬಲಗಣ್ಣಿಗೆ ಎಲ್ಲರೂ ಕಾಣುವಂತೆ ಎಡಭುಜವನ್ನು ಗೋಡೆಗೆ ಒತ್ತಿ ನಿಂತಿದ್ದಳು. ನಾನು ಬಂದು ಕೂತದ್ದನ್ನು ನೋಡಿ ನಕ್ಕಳು. ಆಮೇಲೆ ಪಾಠ ಶುರುಮಾಡಿದಳು. ಶುರುವಿನಲ್ಲೇ, "ಸ್ವಾಮಿ ಮುಂದೆ ಕೂತಾಗ ಬೆಂಕಿ ಬಿದ್ರೆ, ಹುಳ ಬಂದ್ರೆ, ಮಾಳಿಗೆ ಕುಸುದ್ರೆ, ಮೊದ್ಲು ಎದ್ದು ಓಡ್ಬೇಕು. ತಿಳೀತಾ?" ಎಂದಳು.

"ಸ್ವಾಮಿನ ಬಿಟ್ಟಾ ಅಕ್ಕ?" ಎಂದ ಒಬ್ಬ.

"ಸ್ವಾಮಿನ ಹುಳ ಕಚ್ಚಲ್ಲ ಕಣೋ. ನಿನ್ನ ಕಚ್ತದೆ."

ಮಕ್ಕಳು ಬಿದ್ದು ಬಿದ್ದು ನಕ್ಕರು. ಎಷ್ಟು ಸುಲಭವಾಗಿ ಹೇಳಿದಳು. ನಾನು ಇಷ್ಟು ಹೇಳಬಹುದಾಗಿತ್ತು. "ಏನೇ ಆದ್ರೂ" ಎನ್ನುವ ಬದಲು, ಉಸಿರು ತೆಗೆದುಕೊಳ್ಳುವಷ್ಟು ಹೊತ್ತಿನಲ್ಲಿ.

ಆಮೇಲೆ ಅವಳು ತನ್ನ ಕಣ್ಣಿನ ಕಥೆ ಹೇಳಿದಳು. ಕೊನೆಗೆ ನನ್ನನ್ನು ತೋರಿಸಿ, "ಆಗ ನನ್ನ ಜಾಗಕ್ಕೆ ಬಂದೋರು ಇವರೇ," ಎಂದಳು. ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ಮುಂದೆ ಕೂತಿದ್ದ ಪುಟ್ಟ ಹುಡುಗಿ, "ನೀವ್ಯಾಕೆ ಓಡ್ಲಿಲ್ಲ ಸಾರ್?" ಎಂದು ಕೇಳಿದಳು.

"ಓಡ್ದೆ," ಎಂದೆ. "ಎಲ್ಲಾರ್ಗಿಂತ ಕೊನೇಲಿ ಓಡ್ದೆ. ಬಾಗ್ಲನ್ನೂ ಹಾಕ್ದೆ. ಮತ್ತೆ ಒಳಗೆ ಹೋಗ್ಲೇ ಇಲ್ಲ."

ಮಕ್ಕಳು ಇದನ್ನೂ ತಮಾಷೆ ಎಂದುಕೊಂಡು ನಕ್ಕರು. ಅವಳು ನಗಲಿಲ್ಲ. ಪಾಠ ಮುಂದುವರಿಸಿದಳು, ಒಂದೆರಡು ಕಡೆ ವಾಕ್ಯ ಅರ್ಧಕ್ಕೇ ನಿಂತಿತು.

ಸ್ಟೇಷನ್ನಿನವರೆಗೆ ಜೊತೆಗೆ ಬಂದಳು. ನಾನು ಅವಳ ಎಡಕ್ಕೆ ನಡೆಯುತ್ತಿದ್ದೆ ಎಂಬುದು ತಡವಾಗಿ ಗೊತ್ತಾಯಿತು. ಅವಳಿಗೆ ನಾನು ಕಾಣುತ್ತಿರಲಿಲ್ಲ. ಪಕ್ಕ ಬದಲಾಯಿಸಲು ಧೈರ್ಯ ಬರಲಿಲ್ಲ. ಪ್ಲಾಟ್‌ಫಾರಂ ಬಂತು.

"ಎಷ್ಟು ಹೊತ್ತು ಸಾರ್?"

"ಏನು?"

"ಸ್ವಾಮಿ ಒಬ್ನೇ ಇದ್ದದ್ದು."

"ಒಂದು ಗಂಟೆ ಮೇಲೆ."

ಅವಳು ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತು. ನಿಂಗೆ ಹೇಳ್ಬೇಡಿ ಅಂದಿದ್ರು."

"ಮುಂದಿನ ವಾರ ಮಕ್ಕಳಿಗೆ ಸರಿ ಮಾಡಿ ಹೇಳ್ಬೇಕು," ಎಂದಳು. ತನಗೆ ತಾನೇ ಹೇಳಿಕೊಂಡ ಹಾಗಿತ್ತು. "ಯಾರೂ ಬರ್ಲಿಲ್ಲ ಅಂತ. ಬದ್ಲಿ ಬಂದೇ ಬರ್ತಾರೆ ಅಂದ್ಕೊಂಡ್ರೆ ಇವೂ ನನ್ನ ಹಂಗೇ ಕೂತ್ಬುಡ್ತವೆ." ಆಮೇಲೆ ಪೂರ್ತಿ ತಿರುಗಿ ಬಲಗಣ್ಣಿನಿಂದ ನನ್ನನ್ನು ನೋಡಿದಳು. "ಬಾಗ್ಲು ಹಾಕಿದ್ದು ನೀವು ಅಂತ ಹೇಳ್ಲಾ, ಬೇಡ್ವಾ?"

"ಹೇಳಮ್ಮ," ಎಂದೆ.

ಬಂಡಿ ಬಂತು. ಹತ್ತಿ ಕಿಟಕಿಯ ಬಳಿ ಕೂತು ನೋಡಿದಾಗ ಅವಳು ಆಗಲೇ ಹಿಂದಿರುಗಿ ನಡೆಯುತ್ತಿದ್ದಳು. ಹೇಳಿದಳೋ ಇಲ್ಲವೋ ನನಗೆ ತಿಳಿಯದು. ಗುಬ್ಬಿಯ ಆ ಮಕ್ಕಳಲ್ಲಿ ಇಬ್ಬರು ಮೂವರು ಈಗ ತುಮಕೂರಿನಲ್ಲೇ ಕೆಲಸದಲ್ಲಿದ್ದಾರೆ. ಪೂಜೆ ಮುಗಿಸಿ ಹೊರಬರುವಾಗ "ನಮಸ್ಕಾರ ಸಾರ್" ಎನ್ನುತ್ತಾರೆ. ನಾನು ಅವರ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡುತ್ತೇನೆ.